ಫೋಟೊದ ಕೆಳಗಿನ ದೀಪ

ನನ್ನ ಗಂಡ ಮಿಜಾರಿನ ಬಳಿಯ ಒಂದು ಕಾಲೇಜಿನಲ್ಲಿ ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿದ್ದರು. ಮದುವೆಯಾದ ಹೊಸದರಲ್ಲಿ ಅದು ಎಂಥ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಕಾಲೇಜಿನ ಸುದ್ದಿ ಬರೆದು, ಲಕೋಟೆಗೆ ಹಾಕಿ, ಬಸ್ಸು ಹತ್ತಿ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ವರದಿಗಾರರಿಗೆ ತಲುಪಿಸುತ್ತಿದ್ದರು. ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರುತ್ತಿದ್ದರು. ಮರುದಿನ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದರೆ ಆಯಿತು.

ಕೊನೆಯ ಏಳೆಂಟು ವರ್ಷ ಹಾಗಿರಲಿಲ್ಲ. ಸ್ನಾನಕ್ಕೆ ಹೋದರೂ ಫೋನು ಕಿಟಕಿಯಲ್ಲಿ ಇರುತ್ತಿತ್ತು. ಹಾಸ್ಟೆಲಿನ ಸಾಂಬಾರಿನಲ್ಲಿ ಹುಳವೆಂದು ಯಾರೋ ಚಿತ್ರ ಹಾಕುತ್ತಿದ್ದರು. ಅದು ಬೇರೆಲ್ಲಿಯದೋ ಹಳೆಯ ಚಿತ್ರವೆಂದು ಇವರು ಪತ್ತೆ ಮಾಡುವಷ್ಟರಲ್ಲಿ ಮಡಂತ್ಯಾರಿನ ಅಂಗಡಿಯವರೂ ನೋಡಿ ಆಗಿರುತ್ತಿತ್ತು. ಹತ್ತು ನಿಮಿಷದಲ್ಲಿ ಯಾಕೆ ಉತ್ತರ ಕೊಡಲಿಲ್ಲವೆಂದು ಆಡಳಿತದವರು ಕೇಳುತ್ತಿದ್ದರು.

"ಉತ್ತರ ಕೊಡ್ಲಿಕ್ಕೆ ಮೊದಲು ಅಡುಗೆಮನೆಗೆ ಹೋಗಿ ನೋಡ್ಬೇಕಲ್ಲ," ಎಂದು ಮನೆಯಲ್ಲಿ ನನ್ನ ಹತ್ತಿರ ಹೇಳುತ್ತಿದ್ದರು.

ಯಕೃತ್ತಿನ ಕಾಯಿಲೆಯಿಂದ ಅವರು ಮಂಗಳೂರಿನಲ್ಲಿ ಆಸ್ಪತ್ರೆ ಸೇರಿದಾಗ ಕಚೇರಿಯ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದ ಒಂದು ಪೋಸ್ಟರ್ ಮಾಡಿದರು. 'ಬೇಗ ಗುಣಮುಖರಾಗಿ ಬನ್ನಿ' ಎಂದು ಬರೆದು, ಪ್ರಾರ್ಥನೆಯ ಗುರುತಾಗಿ ಫೋಟೊದ ಕೆಳಗೆ ಉರಿಯುವ ದೀಪ ಇಟ್ಟು, ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದರು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಸ್ಟೇಟಸ್ಸಿನಲ್ಲಿ, ಬಸ್ ನಿಲ್ದಾಣದ ಬ್ಯಾನರಿನಲ್ಲಿ ಕಾಣುವುದು ಅದೇ ದೀಪ. ಜನ ದೀಪ ನೋಡಿದರು, ಬರಹ ಓದಲಿಲ್ಲ. ಮೊದಲನೆಯವರು 'ಓಂ ಶಾಂತಿ' ಎಂದು ಹಾಕಿದ ಮೇಲೆ ಉಳಿದವರಿಗೆ ಸುಮ್ಮನಿರಲು ದಾಕ್ಷಿಣ್ಯ.

ನನಗೆ ಗೊತ್ತಾದದ್ದು ಬೆಳ್ತಂಗಡಿಯ ವರದಿಗಾರರೊಬ್ಬರ ಕರೆಯಿಂದ.

"ಅಕ್ಕ, ಮನೆಗೆ ಎಷ್ಟು ಗಂಟೆಗೆ ತರ್ತೀರಿ?"

"ಯಾರನ್ನು?" ಎಂದೆ.

ಗಂಡ ಫೋನು ಕೇಳಿ ತೆಗೆದುಕೊಂಡರು. "ನಾನು ಈಗ ಗಂಜಿ ಕುಡಿಯುವುದು ಮಾರಾಯ. ಮುಗಿದ ಮೇಲೆ ಹೇಳ್ತೇನೆ."

ನಕ್ಕದ್ದು ಅಷ್ಟೇ. ಶಿರ್ತಾಡಿಯಲ್ಲಿ ಅವರ ತಮ್ಮನ ಮನೆಯಲ್ಲಿದ್ದ ತಾಯಿಗೆ ಹೃದಯದ ತೊಂದರೆ ಇತ್ತು. "ಸ್ಪಷ್ಟೀಕರಣ ಮತ್ತೆ ಬರೆಯುವ. ಅಮ್ಮನಿಗೆ ಮೊದಲು ನನ್ನ ಸ್ವರ ಹೋಗ್ಬೇಕು," ಎಂದರು. ತಮ್ಮನಿಗೆ ಕರೆ ಮಾಡಿದಾಗ ಅಂಗಳದಲ್ಲಿ ಆಗಲೇ ನಾಲ್ಕು ಜನ ಬಂದು ನಿಂತಿದ್ದರು. ಅತ್ತೆಗೆ ಯಾರೂ ಇನ್ನೂ ಹೇಳಿರಲಿಲ್ಲ, ಆದರೆ ಅವರಿಗೆ ಸಂಶಯ ಬಂದಿತ್ತು.

"ನೀನೇ ಮಾತಾಡುವುದಾ?" ಎಂದು ಅತ್ತೆ ಫೋನು ಹಿಡಿದು ಕೇಳಿದರು.

"ನಾನೇ. ನಿಮ್ಮ ಹತ್ತಿರ ಜಗಳ ಮಾಡ್ಲಿಕ್ಕೆ ಬೇರೆ ಯಾರುಂಟು? ಇನ್ನು ಮೊಬೈಲಿನಲ್ಲಿ ಏನು ಬಂದರೂ ನಂಬಬೇಡಿ ಅಮ್ಮ. ನಾನು ಹೇಳಿದರೆ ಮಾತ್ರ ನಂಬಿ."

ಆಮೇಲೆ ಸ್ಪಷ್ಟೀಕರಣ ಹೇಳಿ ಬರೆಸಿದರು. ನಾನು 'ತಪ್ಪು ಸುದ್ದಿ' ಎಂದು ಬರೆದದ್ದನ್ನು ತೆಗೆಸಿದರು, ಪೋಸ್ಟರ್ ಮಾಡಿದವರಿಗೆ ಬೇಸರವಾಗುತ್ತದೆಂದು. 'ಚಿಕಿತ್ಸೆಯಲ್ಲಿದ್ದಾರೆ, ಮಾತನಾಡುತ್ತಿದ್ದಾರೆ' ಎಂಬ ಎರಡು ಸಾಲು ಉಳಿಯಿತು. ದೀಪ ನೋಡಿದಷ್ಟು ಜನ ಅದನ್ನು ನೋಡಲಿಲ್ಲ. ಇಬ್ಬರು ಅದರ ಕೆಳಗೂ 'ಓಂ ಶಾಂತಿ' ಎಂದು ಬರೆದಿದ್ದರು.

ಅದಾಗಿ ಹನ್ನೆರಡನೆಯ ದಿನ ಬೆಳಿಗ್ಗೆ ಅವರು ತೀರಿಕೊಂಡರು. ನಾನು ಬೆಳ್ತಂಗಡಿಯ ವರದಿಗಾರರಿಗೆ ತಿಳಿಸಿದೆ. ಅವರು, "ತಪ್ಪು ತಿಳಿಯಬೇಡಿ ಅಕ್ಕ, ನೀವು ಪಕ್ಕದಲ್ಲೇ ಇದ್ದೀರಲ್ಲ?" ಎಂದು ಕೇಳಿದರು. ಇದ್ದೇನೆ ಎಂದೆ.

ಆಸ್ಪತ್ರೆಯ ಕಾಗದಪತ್ರಕ್ಕೆ ಮೈದುನ ನಿಂತರು. ನಾನು ಕಾರು ಮಾಡಿ ಶಿರ್ತಾಡಿಗೆ ಹೋದೆ. ಅತ್ತೆ ಜಗಲಿಯಲ್ಲಿ ಬಸಳೆ ಸೋಸುತ್ತಿದ್ದರು. ಪಕ್ಕದ ಮನೆಯವರು ಬಂದು ಹೇಳಿ ಹೋಗಿದ್ದರು.

"ಮೊಬೈಲಿನವರು ಪುನಃ ಶುರು ಮಾಡಿದ್ದಾರೆ," ಎಂದರು, ತಲೆ ಎತ್ತದೆ. "ನೀನು ಯಾಕೆ ಅವನನ್ನು ಬಿಟ್ಟು ಬಂದದ್ದು? ಫೋನ್ ಮಾಡು, ಅವನೇ ಹೇಳಲಿ."

ನಾನು ಬಸಳೆಯ ಮೊರವನ್ನು ಬದಿಗೆ ಸರಿಸಿ ಎದುರು ಕುಳಿತು ಹೇಳಿದೆ. ಮೂರು ಸಲ ಹೇಳಬೇಕಾಯಿತು.