ತಾನಾಗಿ ಹೋಗುವ ಚಿತ್ರಗಳು

ಮೇಲಿನ ಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಜಾರಿನಲ್ಲಿ ಏನಾದರೂ ಇದ್ದರೆ ಆ ಸದ್ದು ಮೊದಲು ಒರಟಾಗಿದ್ದು ಆಮೇಲೆ ನುಣ್ಣಗಾಗುತ್ತದೆ. ಇದು ನುಣ್ಣಗಾಗಲಿಲ್ಲ. ಖಾಲಿ ಜಾರು ಒಂದೇ ಸಮನೆ ಕಿರುಚುತ್ತಿತ್ತು, ಅದರಡಿಯಲ್ಲಿ ಇನ್ನೊಂದು ಸದ್ದು ಮುಚ್ಚಿಹೋಗುತ್ತಿತ್ತು. ಕೆಳಗಿನ ಮನೆಯ ಗದ್ದಕ್ಕ ಕೈಯಲ್ಲಿದ್ದ ಲೋಟ ಹಾಗೇ ಹಿಡಿದು ನಿಂತಳು. ಕೊನೆಗೆ ಮಿಕ್ಸಿ ನಿಂತಿತು. ಹೊರಗೆ ಶಾಲೆಯ ವ್ಯಾನು ಹೊರಟಿತು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳ ಇಳಿದು ಬಂತು.

ಮೇಲಿನ ಮನೆಯ ವ್ಯಾನಿನವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನಾಳೆ ಹನ್ನೊಂದೂವರೆ ಬಸ್ಸಿಗೆ ಅಣ್ಣನ ಊರಿಗೆ ಹೋಗ್ತೀನಿ. ವಾಪಸ್ ಬರಲ್ಲ. ಅಲ್ಲಿನ ವಕೀಲರು ಗಾಯದ ಫೋಟೋ ಬೇಕೇ ಬೇಕು ಅಂದಿದ್ದಾರೆ. ನನ್ನ ಫೋನು ಇವ್ರು ದಿನಾ ತೆಗೆದು ನೋಡ್ತಾರೆ."

ಗದ್ದಕ್ಕ ಕ್ಯಾಮೆರಾ ಚೀಲ ಬಿಚ್ಚಿದಳು. ಕ್ಯಾಮೆರಾವನ್ನು ಫೋಟೋ ಅಂಗಡಿಯಲ್ಲಿ ಬಿಟ್ಟು ಬಂದರೆ ಅವಳಿಗೆ ನಿದ್ದೆ ಹತ್ತುವುದಿಲ್ಲ. ದಿನಾ ಹೊತ್ತು ತರುತ್ತಾಳೆ, ದಿನಾ ಹೊತ್ತು ಒಯ್ಯುತ್ತಾಳೆ.

ಅವಳು ಚಿಕ್ಕಪ್ಪನ ಫೋಟೋ ಸ್ಟುಡಿಯೋ ಸೇರಿ ಇಪ್ಪತ್ತಾರು ವರ್ಷ. ಕುರ್ಚಿಯಲ್ಲಿ ಕೂತವರಿಗೆಲ್ಲ "ಗದ್ದ ಮೇಲೆ, ಇನ್ನೂ ಚೂರು ಮೇಲೆ" ಎನ್ನುತ್ತಲೇ ಬಂದವಳಿಗೆ ಓಣಿಯ ಮಕ್ಕಳು ಇಟ್ಟ ಹೆಸರು ಗದ್ದಕ್ಕ. ದೊಡ್ಡವರ ಬಾಯಲ್ಲೂ ಅದೇ ನಿಂತುಬಿಟ್ಟಿತು. ಅಂದು ಮಾತ್ರ ಆ ಮಾತು ಬಾಯಿಗೆ ಬರಲಿಲ್ಲ. ಆ ಹೆಣ್ಣಿನ ಗದ್ದದ ಕೆಳಗೇ ಬೆರಳಿನ ಗುರುತುಗಳಿದ್ದವು. ತಾನೇ ಬೆರಳು ತಾಗಿಸಿ ಆ ಮುಖವನ್ನು ಮೆಲ್ಲಗೆ ಎತ್ತಿದಳು. ಹಸಿರು ಗೋಡೆಗೆ ಒರಗಿಸಿ ಮುಖದ್ದು, ತೋಳಿನದು, ಬೆನ್ನಿನದು, ಒಟ್ಟು ಹನ್ನೊಂದು ತೆಗೆದಳು.

"ಯಾರೂ ನೋಡಲ್ಲ ಅಲ್ವಾ ಅಕ್ಕಾ?"

"ಬೆಳಿಗ್ಗೆ ಬೇಗ ಹೋಗಿ ನಾನೇ ಪ್ರಿಂಟ್ ಹಾಕಿ ತರ್ತೀನಿ. ನನ್ನ ಕಣ್ಣು ಬಿಟ್ರೆ ಇನ್ನೊಂದು ಕಣ್ಣಿಗೆ ಬೀಳಲ್ಲ, ಹೋಗು."

ಮಾರನೆಯ ಬೆಳಿಗ್ಗೆ ಸ್ಟುಡಿಯೋದ ಅರ್ಧ ದಾರಿಯಲ್ಲಿ ಅವಳಿಗೆ ಕಾರ್ಡು ನೆನಪಾಯಿತು.

ಎರಡು ತಿಂಗಳ ಹಿಂದೆ ಚಿಕ್ಕಪ್ಪ ವೈರ್‌ಲೆಸ್ ಮೆಮೊರಿ ಕಾರ್ಡು ತಂದಿದ್ದ. ಹಳೆಯ ಕಾರ್ಡುಗಳನ್ನು ಅವತ್ತೇ ಗುಜರಿಗೆ ಹಾಕಿದ್ದ. ಹೊಸದಕ್ಕೆ ಕೇಬಲ್ಲು ಬೇಡ, ಹೊರಗೆ ತೆಗೆಯುವುದೂ ಬೇಡ. ಅಂಗಡಿಯೊಳಗೆ ಕ್ಯಾಮೆರಾ ಆನ್ ಆದರೆ ಸಾಕು, ಕಾರ್ಡಿನಲ್ಲಿ ಉಳಿದಿದ್ದೆಲ್ಲ ತಾನಾಗಿ ಕಂಪ್ಯೂಟರಿಗೆ ಹಾರಿ, ಅಲ್ಲಿಂದ ಗೋಡೆಯ ಟಿವಿ ಮೇಲೆ ಬಂದು ನಿಲ್ಲುತ್ತದೆ. ಮೊದಲು ತೆಗೆದದ್ದು ಮೊದಲು. ದಾರಿಯಲ್ಲೇ ಅಳಿಸಿಬಿಡಬಹುದು, ಆದರೆ ಅಳಿಸಿದರೆ ಆ ಹೆಣ್ಣಿನ ಕೈ ಬರಿದು.

ಗದ್ದಕ್ಕನಿಗೆ ಹಳೆಯ ಕತ್ತಲೆ ಕೋಣೆ ನೆನಪಾಯಿತು. ಒಳಗಿನಿಂದ ಚಿಲಕ, ಕೆಂಪು ಬಲ್ಬು, ತಟ್ಟೆಯ ನೀರಿನಲ್ಲಿ ನಿಧಾನವಾಗಿ ಮೂಡುವ ಮುಖಗಳು. ಅವಳು ಕೈಯಾರೆ ಎತ್ತಿ ತಂದ ಹೊರತು ಒಂದು ಮುಖವೂ ಆ ಕೋಣೆ ದಾಟುತ್ತಿರಲಿಲ್ಲ.

ಚಿಕ್ಕಪ್ಪ ಬರುವುದು ಹತ್ತಕ್ಕೆ. ಅಷ್ಟರೊಳಗೆ ಕಾರ್ಡು ಹೊರತೆಗೆದು ಪ್ರಿಂಟ್ ಮುಗಿಸಬಹುದು ಎಂದು ಲೆಕ್ಕ ಹಾಕುತ್ತ ತಿರುವು ದಾಟಿದಳು. ಅಂಗಡಿಯ ಶಟರು ಆಗಲೇ ಎದ್ದಿತ್ತು. ಎದುರಿಗೆ ಶಾಲೆಯ ವ್ಯಾನು ನಿಂತಿತ್ತು.

"ಬಾರೇ ತಾಯಿ, ನಿಂಗೇ ಕಾಯ್ತಾ ಇದ್ದೀವಿ," ಎಂದ ಚಿಕ್ಕಪ್ಪ. "ಇವ್ರದ್ದು ಲೈಸೆನ್ಸಿಗೆ ಫೋಟೋ ಅಂತೆ. ನನ್ನನ್ನ ಮನೆಯಿಂದಲೇ ಎಬ್ಬಿಸಿಕೊಂಡು ಬಂದ್ರು."

ಕುರ್ಚಿಯಲ್ಲಿ ವ್ಯಾನಿನವನು ಸ್ಟುಡಿಯೋದ ಕೋಟು ಹಾಕಿಕೊಂಡು ಕೂತಿದ್ದ. ಎಲ್ಲರಿಗೂ ಒಂದೇ ಕೋಟು. ಮೈಗೆ ಕೂರಲೆಂದು ಚಿಕ್ಕಪ್ಪ ಬೆನ್ನ ಹಿಂದೆ ಅದನ್ನು ಬಟ್ಟೆ ಕ್ಲಿಪ್ಪುಗಳಿಂದ ಬಿಗಿದಿದ್ದ.

"ನಮಸ್ಕಾರ ಗದ್ದಕ್ಕ," ಎಂದು ನಕ್ಕ. ಓಣಿಯಲ್ಲಿ ಎಲ್ಲರಿಗೂ ಇಷ್ಟವಾದ ನಗು. "ನೋಡಿ, ಇವತ್ತು ಮದುಮಗ ಆಗ್ಬಿಟ್ಟಿದ್ದೀನಿ."

"ಕ್ಯಾಮೆರಾ ಯಾಕೋ ಕೈಕೊಡ್ತಿದೆ ಚಿಕ್ಕಪ್ಪ. ಮಧ್ಯಾಹ್ನ ತೆಗೀಲಾ?"

"ಏನು ಕೈಕೊಡುತ್ತೆ? ತಾ ಇಲ್ಲಿ." ಚಿಕ್ಕಪ್ಪ ಅವಳ ಹೆಗಲಿಂದ ಚೀಲ ಎಳೆದುಕೊಂಡ. ಕ್ಯಾಮೆರಾ ತೆಗೆದು ಕುರ್ಚಿಯ ಕಡೆ ತಿರುಗಿದ. "ತಂತಿ ಇಲ್ಲ ಗಿಂತಿ ಇಲ್ಲ, ಬರೀ ಗಾಳೀಲಿ ಹೋಗುತ್ತೆ. ನೀವು ಆ ಟಿವಿ ನೋಡ್ತಾ ಇರಿ, ನಿಮ್ಮ ಮುಖ ತಾನೇ ಬರುತ್ತೆ."

ಟಕ್ ಎಂದು ಸ್ವಿಚ್ಚು ಹಾಕಿದ.

ಕ್ಯಾಮೆರಾದ ಸಣ್ಣ ದೀಪ ಮಿಟುಕಿತು. ಟಿವಿ ಮೇಲೆ ಬೂದು ಚೌಕವೊಂದು ತೆರೆಯಿತು. ಚಿತ್ರ ಯಾವಾಗಲೂ ಮೇಲಿನಿಂದ ಕೆಳಕ್ಕೆ ತುಂಬುತ್ತ ಬರುತ್ತದೆ. ಮೊದಲು ಬಂದದ್ದು ಒಂದು ಪಟ್ಟಿ ಹಸಿರು ಗೋಡೆ. ಆಮೇಲೆ ಕೂದಲು. ಕೂದಲ ನಡುವೆ ನೆಟ್ಟಗಿನ ಬೈತಲೆ. ಇನ್ನೆರಡು ಬೆರಳು ಇಳಿದರೆ ಹಣೆ.

ಗದ್ದಕ್ಕ ನೆಲದ ಮೇಲಿನ ಪ್ಲಗ್ ಬೋರ್ಡಿನ ಸ್ವಿಚ್ಚನ್ನು ಕಾಲಿನಿಂದ ಒತ್ತಿದಳು. ಟಿವಿ, ಕಂಪ್ಯೂಟರು, ಫೋಟೋ ದೀಪಗಳು ಎಲ್ಲ ಒಟ್ಟಿಗೆ ಆರಿದವು.

"ಥತ್, ಕರೆಂಟು ಹೋಯ್ತು," ಎಂದ ಚಿಕ್ಕಪ್ಪ.

"ಫ್ಯಾನ್ ತಿರುಗ್ತಿದೆಯಲ್ಲ," ಎಂದ ವ್ಯಾನಿನವನು.

ಮೂವರೂ ತಲೆ ಎತ್ತಿ ನೋಡಿದರು. ಫ್ಯಾನು ಅದರ ಪಾಡಿಗೆ ತಿರುಗುತ್ತಿತ್ತು. ಫ್ಯೂಸಿರಬೇಕೆಂದು ಗೊಣಗುತ್ತ ಚಿಕ್ಕಪ್ಪ ಕ್ಯಾಮೆರಾವನ್ನು ಅವಳ ಕೈಗಿತ್ತು ಒಳಕೋಣೆಗೆ ಹೋದ.

"ಗದ್ದಕ್ಕ, ಆ ಹಸಿರು ನಮ್ಮ ಬಿಲ್ಡಿಂಗಿನ ಹಸಿರು ಅಲ್ವಾ?"

"ನಮ್ಮನೆ ಗೋಡೆ. ಬೆಳಕು ಹೇಗೆ ಬೀಳುತ್ತೆ ಅಂತ ನೋಡೋಕೆ ತೆಗ್ದಿದ್ದೆ." ಹೇಳುತ್ತಲೇ ಅವಳ ಹೆಬ್ಬೆರಳು ಕ್ಯಾಮೆರಾದ ಅಡಿಯ ಮುಚ್ಚಳ ಹುಡುಕಿತು. ಕಾರ್ಡು ಚಿಮ್ಮಿ ಅಂಗೈಗೆ ಬಂತು. ಉಗುರಿನಷ್ಟು ಹಗುರ, ಇನ್ನೂ ಬೆಚ್ಚಗಿತ್ತು.

"ಗೋಡೆಗೆ ಕೂದಲಿತ್ತು," ಎಂದ ಅವನು. ನಗು ಹಾಗೇ ಇತ್ತು.

"ನಂದೇ. ನನ್ನನ್ನ ನಾನೇ ತೆಗೆದ್ಕೊಂಡೆ."

ಅವನ ಕಣ್ಣು ಅವಳ ತಲೆಯ ಮೇಲೆ ಹೋಗಿ ನಿಂತಿತು. ಗದ್ದಕ್ಕ ಯಾವತ್ತೂ ಬೈತಲೆ ತೆಗೆದವಳಲ್ಲ. ಕೂದಲನ್ನೆಲ್ಲ ಹಿಂದಕ್ಕೆಳೆದು ಗಂಟು ಹಾಕುತ್ತಾಳೆ. ಇದು ಅವಳಿಗೂ ಆ ಕ್ಷಣವೇ ಹೊಳೆಯಿತು.

ಅವನು ಕುರ್ಚಿಯಿಂದ ಎದ್ದ. ಪ್ಯಾಂಟಿನ ಜೇಬಿನಲ್ಲಿ ಕೀಲಿ ಸದ್ದು ಮಾಡಿತು. ಕೋಟು ಬಿಚ್ಚಲು ಹೋದ, ಬಿಗಿದ ಕ್ಲಿಪ್ಪುಗಳು ಬಿಡಲಿಲ್ಲ. ಬೆನ್ನಿಗೆ ಕೈ ಹಾಕಿದ, ಎಟುಕಲಿಲ್ಲ. "ಇದೊಂದು ಬಿಚ್ಚಿ ಗದ್ದಕ್ಕ, ಮನೇಲಿ ಒಂದು ಕೆಲಸ ಮರೆತು ಬಂದೆ."

ಮನೆಯಲ್ಲಿ ಆ ಹೆಣ್ಣು ಈಗ ಚೀಲಕ್ಕೆ ಬಟ್ಟೆ ತುಂಬುತ್ತಿರುತ್ತಾಳೆ. ಬಸ್ಸಿಗೆ ಇನ್ನೂ ಎರಡು ಗಂಟೆ.

ಗದ್ದಕ್ಕ ಕಾರ್ಡನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಇನ್ನೊಂದು ಕೈಯಿಂದ ಅವನನ್ನು ತಿರುಗಿಸಿ, ಬಿಚ್ಚುವವಳಂತೆ ಹಿಂದೆ ನಿಂತು, ಮೇಜಿನ ಮೇಲಿದ್ದ ಇನ್ನೆರಡು ಕ್ಲಿಪ್ಪುಗಳನ್ನೂ ಸೇರಿಸಿ ಕಚ್ಚಿಸಿದಳು.

"ಮಿಸುಕಬೇಡಿ, ಹರಿದ್ರೆ ಚಿಕ್ಕಪ್ಪ ನನ್ನನ್ನ ನುಂಗಿಬಿಡ್ತಾರೆ. ಅವರೇ ಬಂದು ಬಿಚ್ತಾರೆ, ಕೂತಿರಿ." ಅವಳು ಹೊಸಿಲು ದಾಟಿದ್ದಳು. ಓಡಬಾರದು, ಓಡಿದರೆ ಗೊತ್ತಾಗುತ್ತದೆ. ವ್ಯಾನಿನ ಪಕ್ಕದಲ್ಲೇ ಹಾದು, ಮನೆಗೆ ಹತ್ತಿರದ ದಾರಿಯಾದ ಸಂದಿಯ ಕಡೆ ತಿರುಗಿ, ಹಿಂದೆ ನೋಡದೆ, ದನಿ ಏರಿಸಿ ಹೇಳುತ್ತಲೇ ನಡೆದಳು: "ಇಲ್ಲೇ ಮೂಲೆ ಅಂಗಡಿಗೆ ಹೋಗಿ ಇನ್ನೊಂದು ಕಾರ್ಡು ತಗೊಂಡು ಈಗ ಬಂದೆ, ನೀವು ಗದ್ದ ಸ್ವಲ್ಪ ಮೇಲೆ ಇಟ್ಕೊಂಡು ಹಾಗೇ ಕೂತಿರಿ."