ಒಂದೇ ಹಲಗೆಯ ಮೇಲೆ ಇಡೀ ಗಾಡಿ

ಹುಣಸೂರಿನಲ್ಲಿ ನಾನು ಡ್ರಾಯಿಂಗ್ ಮೇಷ್ಟರಾಗಿದ್ದಾಗ, ಕಲ್ಕತ್ತೆಯಲ್ಲಿ ಚಿತ್ರಕಲೆ ಓದುತ್ತಿದ್ದ ಗೆಳೆಯನೊಬ್ಬ ಒಂದು ಪತ್ರಿಕೆ ಕಳಿಸಿದ. ತೆರೆದವನು ಹೌಹಾರಿದೆ. ಅದು ಪಿಟೀಲಿನ ಚಿತ್ರವಂತೆ! ಪಿಟೀಲಿನ ಮುಂಭಾಗ ಒಂದು ಕಡೆ, ಪಕ್ಕೆ ಇನ್ನೊಂದು ಕಡೆ, ತಲೆ ಮತ್ತೆಲ್ಲೋ. ಮೇಜನ್ನು ಮೇಲಿನಿಂದ ನೋಡಿದಂತೆ ಬರೆದು, ಅದರ ಕಾಲನ್ನು ಎದುರಿನಿಂದ ಬರೆದಿದ್ದರು. ಅಚ್ಚಿನವನು ಬ್ಲಾಕ್ ಕೆಡಿಸಿದ್ದಾನೆ ಎಂದುಕೊಂಡು ಪತ್ರಿಕೆಯನ್ನು ತಲೆಕೆಳಗು ಮಾಡಿಯೂ ನೋಡಿದೆ.

ಕೆಳಗಿನ ಬರಹ ಓದಿದೆ. ಇದಕ್ಕೆ ಕ್ಯೂಬಿಸಂ ಎಂದು ಹೆಸರು. ಮೊದಲ ಮಹಾಯುದ್ಧಕ್ಕೆ ಮುಂಚೆಯೇ ಪ್ಯಾರಿಸ್ಸಿನಲ್ಲಿ ಒಬ್ಬ ಸ್ಪೇನಿನವನೂ ಒಬ್ಬ ಫ್ರೆಂಚನೂ ಶುರುಮಾಡಿದ್ದು. ಯಾವುದು ಯಾರ ಚಿತ್ರವೆಂದು ಹೇಳಲಾಗದಷ್ಟು ಒಂದಾಗಿ ಬರೆಯುತ್ತಿದ್ದರಂತೆ. ಅವರಿಗೂ ಮೊದಲು ಒಬ್ಬ ಹಿರಿಯ ಚಿತ್ರಕಾರ, ಬೆಟ್ಟ, ಮರ, ಹಣ್ಣುಗಳಲ್ಲೆಲ್ಲ ಗೋಳ, ಶಂಕು, ಉರುಳೆಗಳನ್ನೇ ಕಂಡು ದಾರಿ ತೋರಿದ್ದನಂತೆ. 'ಬರೀ ಕ್ಯೂಬುಗಳು, ಘನಗಳು' ಎಂದು ಯಾರೋ ಹೀಯಾಳಿಸಿದ್ದೇ ಹೆಸರಾಗಿ ನಿಂತಿತಂತೆ. ವಸ್ತುವನ್ನು ಒಂದೇ ಕಡೆ ನಿಂತು ಕಂಡಂತೆ ಬರೆಯುವುದಲ್ಲ, ಸುತ್ತಲೂ ನೋಡಿ ತಿಳಿದದ್ದನ್ನೆಲ್ಲ ಒಟ್ಟಿಗೆ ಬರೆಯುವುದು ಎಂದಿತ್ತು. ಆ ಸಾಲಿಗೆ ಬಂದಾಗ ಇದ್ದಿಲಿನಲ್ಲಿ ಬರೆದ ಒಂದು ಹಲಗೆ ನೆನಪಾಯಿತು.

ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಮರಗೆಲಸ ಕಲಿಸುವವರು ಬೇಕಾಗಿದ್ದರು. ಗಾಡಿ ಮಾಡುವ ಸಾಬರೊಬ್ಬರು ಬಂದರು. ಪಿರಿಯಾಪಟ್ಟಣದ ಕಡೆಗೂ ಅವರ ಗಾಡಿಗಳು ಹೋಗುತ್ತಿದ್ದವು. ಮರ ಕೆತ್ತುವ ಬಾಚಿ ಎತ್ತಿ ಎತ್ತಿ ಅವರ ಬಲಭುಜ ಸೋತಿತ್ತು. ಈ ಕೆಲಸ ಸಿಕ್ಕರೆ ಬದುಕಿದೆ ಎಂದುಕೊಂಡಿದ್ದರು. ಪರೀಕ್ಷೆ ಮಾಡುವವನು ನಾನು, ಮೈಸೂರಿನಲ್ಲಿ ಓದಿದ ಜಂಬದವನು. ಗಾಡಿ ಬರೆಯಿರಿ ಎಂದೆ. ಅವರು ಹಲಗೆಯ ಮೇಲೆ ಇದ್ದಿಲಿನಿಂದ ಚಕ್ರವನ್ನು ಪಕ್ಕದಿಂದ, ಸಾಮಾನು ಹೇರುವ ಹಾಸನ್ನು ಮೇಲಿನಿಂದ, ನೊಗವನ್ನು ಎದುರಿನಿಂದ ನೋಡಿದಂತೆ, ಎಲ್ಲವನ್ನೂ ಒಟ್ಟಿಗೇ ಬರೆದರು.

"ಗಾಡಿ ಹಳ್ಳಕ್ಕೆ ಬಿತ್ತೇನ್ರೀ ಸಾಬ್ರೇ?" ಎಂದು ಎಲ್ಲರೆದುರು ನಕ್ಕೆ. 'ಚಿತ್ರ ಬಾರದು' ಎಂದು ಷರಾ ಬರೆದೆ. ದೂರದ್ದನ್ನು ಚಿಕ್ಕದಾಗಿ ಬರೆಯಬಲ್ಲ ಇನ್ನೊಬ್ಬನಿಗೆ ಕೆಲಸವಾಯಿತು.

ಈಗ ಪತ್ರಿಕೆ ಹಿಡಿದು ಸಾಬರ ಚಪ್ಪರಕ್ಕೆ ಓಡಿದೆ. ಅವರು ಎಡಗೈಯಲ್ಲಿ ಬಾಚಿ ಹಿಡಿದು ಮರ ಕೆತ್ತುತ್ತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪತ್ರಿಕೆ ಬಿಚ್ಚಿ ಚಿತ್ರ ತೋರಿಸಿದೆ.

ಹತ್ತಿರ ಹಿಡಿದು ನೋಡಿದರು. "ಪಿಟೀಲು ಬಿಚ್ಚಿ ಮಡಗವ್ರೆ ಕಣ್ರೀ ಮೇಷ್ಟ್ರೇ. ಅಳತೆ ಇಲ್ಲ ಅಷ್ಟೇಯ. ಇದ್ನ ನೋಡ್ಕಂಡು ಜೋಡ್ಸಾಕಾಗಕಿಲ್ಲ."

ಇವರೆಲ್ಲ ದೊಡ್ಡ ಚಿತ್ರಕಾರರು, ಲೋಕವೇ ಮೆಚ್ಚಿದೆ ಎಂದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಸಾಬರು ನಿಜಕ್ಕೂ ತಿಳಿಯಬೇಕೆಂದೇ ಕೇಳಿದರು. "ಅಂಗಾರೆ ಇವ್ರುನ್ನ ನೋಡಿ ಯಾರೂ ನಗ್ನಿಲ್ವಾ?"

"ನಕ್ಕರು, ಸಾಬ್ರೇ."

ಅವರು ಪತ್ರಿಕೆಯನ್ನು ನನ್ನ ಕೈಗಿಟ್ಟು ಮತ್ತೆ ಎಡಗೈಗೆ ಬಾಚಿ ತೆಗೆದುಕೊಂಡರು.

"ನಕ್ರೂವೆ ಅವ್ರಿಗೆ ಕೆಲ್ಸ ಸಿಕ್ತಲ್ಲ, ಬುಡಿ."