ಅತ್ತೆ ವಾಪಸ್ ಕೊಟ್ಟ ಪುಸ್ತಕ

ಅತ್ತೆ ಅಡುಗೆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮತ್ತೆ ನನ್ನ ಕೈಯಲ್ಲೇ ಇಟ್ಟರು.

“ನಲವತ್ತು ವರ್ಷ ರೊಟ್ಟಿ ಬಡದೀನಿ. ನಾ ಇನ್ನೂ ಅಡಗಿ ಕಲೀಬೇಕೇನವಾ?”

ಅಂದು ಸಂಕ್ರಾಂತಿ. ಮುಂಬೈಯ ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನಲ್ಲಿ ಅರಿಸಿನ-ಕುಂಕುಮಕ್ಕೆ ಹೋದಲ್ಲೆಲ್ಲ ಒಂದೊಂದು ಸ್ಟೀಲ್ ಬಟ್ಟಲು ಕೊಡುತ್ತಾರೆ. ಬಟ್ಟಲು ಇಡಲು ಜಾಗವೇ ಉಳಿಯದ್ದರಿಂದ, ಈ ಸಲ ಮನೆಯವರಿಗಾದರೂ ಪುಸ್ತಕ ಕೊಡೋಣವೆಂದು ಹೊರಟಿದ್ದೆ. ಸದಾ ಒಲೆಯ ಮುಂದಿರುವ ಅತ್ತೆಗೆ ಅಡುಗೆಯದು, ಕನ್ನಡ ಓದಲು ತಡವರಿಸುವ ಮಗಳಿಗೆ ಕಡಲ ಜೀವಿಗಳ ಚಿತ್ರವಿದ್ದ ಕನ್ನಡ ಪುಸ್ತಕ. ಎಷ್ಟು ಸರಿಯಾಗಿ ಆರಿಸಿದೆನೆಂದು ಒಳಗೊಳಗೇ ಬೀಗಿದ್ದೆ. ಈಗ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅತ್ತೆಯ ಕಣ್ಣು ಮಾತ್ರ ನನ್ನ ಮಗಳ ತೊಡೆಯ ಮೇಲೆ ತೆರೆದಿದ್ದ ತಿಮಿಂಗಿಲದ ಮೇಲಿತ್ತು. “ಬಿಜಾಪುರದಿಂದ ಇಲ್ಲಿಗೆ ಬಂದಾಗಿಂದ ಸಮುದ್ರದ ಮ್ಯಾಲಷ್ಟ ನೋಡೀನಿ. ಒಳಗ ಏನೇನೈತಿ ಅಂತ ಯಾರೂ ಹೇಳಿಲ್ಲ. ನನಗ ಅದನ್ನ ಕೊಡು,” ಎಂದರು.

“ಅಜ್ಜಿ, ತುಮ್ ಪಢೋ, ನಾನು ಕೇಳ್ತೀನಿ,” ಎಂದು ಮಗಳು ಖುಷಿಯಿಂದ ಪುಸ್ತಕ ದಾಟಿಸಿದಳು. ಅತ್ತೆ ಮೊದಲ ಪುಟಕ್ಕೆ ಕುಂಕುಮ ಹಚ್ಚಿ, ಕನ್ನಡಕ ಏರಿಸಿ, ಗಟ್ಟಿಯಾಗಿ ಓದತೊಡಗಿದರು.

ಅಡುಗೆ ಪುಸ್ತಕ ನನ್ನ ಗಂಡನ ಪಾಲಾಯಿತು. ಕಳೆದ ಭಾನುವಾರ ಅವರು ಅದನ್ನು ನೋಡಿ ಮಾಡಿದ ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿತ್ತು. ಚಿಟಿಕೆ ಉಪ್ಪು ಹೆಚ್ಚಾದರೂ ಬಿಡದೆ ಹೇಳುವ ಅತ್ತೆ ಅಂದು, ಎಡಗೈಯಲ್ಲಿ ಆಕ್ಟೋಪಸ್ಸಿನ ಪುಟ ಹಿಡಿದುಕೊಂಡೇ ಎರಡನೆಯ ರೊಟ್ಟಿಯನ್ನೂ ಮುಗಿಸಿದರು.